ಮುಸುರೆ ಪಾಳಿ ಯಾರದ್ದು? ಡಿಶ್‌ವಾಷರ್ ಕೊಳ್ಳುವ ಮುನ್ನ ಓದಿ

ಅಂಗಡಿಯಲ್ಲಿ ಡಿಶ್‌ವಾಷರ್ ತೋರಿಸುವವರು ಸಾಮಾನ್ಯವಾಗಿ ಹೇಳುವುದು ಇಷ್ಟೇ: "ಪಾತ್ರೆ ಒಳಗಿಡಿ, ಬಟನ್ ಒತ್ತಿ, ಮರೆತುಬಿಡಿ ಸರ್." ಮನೆಗೆ ತಂದ ಮೇಲೆ ಎಣಿಸಿದರೆ ಕೆಲಸ ಎಂಟಾಗುತ್ತದೆ. ಎಂಜಲು ಬಳಿಯಬೇಕು. ಒಳಗೆ ಹೋಗುವ ಪಾತ್ರೆ ಯಾವುದು, ಹೋಗಬಾರದ್ದು ಯಾವುದು ಎಂದು ಬೇರೆ ಮಾಡಬೇಕು. ಜೋಡಿಸಬೇಕು. ಪುಡಿ ಹಾಕಿ ಪ್ರೋಗ್ರಾಂ ಆರಿಸಬೇಕು. ತೊಳೆಯಬೇಕು. ಒಣಗಿದ್ದನ್ನು ತೆಗೆದು ಅದರದರ ಜಾಗಕ್ಕೆ ಸೇರಿಸಬೇಕು. ಒಳಗೆ ಹಾಕಲಾಗದ್ದನ್ನು ಕೈಯಲ್ಲೇ ತಿಕ್ಕಬೇಕು. ಜಾಲರಿ, ಉಪ್ಪು, ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ಮೇಲೆ ಕಣ್ಣಿಟ್ಟಿರಬೇಕು. ಈ ಎಂಟರಲ್ಲಿ ಯಂತ್ರ ಮಾಡುವುದು ಐದನೆಯದನ್ನು ಮಾತ್ರ. ಉಳಿದ ಏಳಕ್ಕೆ ಮನುಷ್ಯರೇ ಬೇಕು, ಮತ್ತು ಆ ಮನುಷ್ಯ ಯಾರು ಎಂಬುದನ್ನು ಯಾವ ಕಂಪನಿಯ ಕೈಪಿಡಿಯೂ ಬರೆದಿರುವುದಿಲ್ಲ.

ಹಾಗಾಗಿ ಇಲ್ಲಿ 12ರಿಂದ 14 ಪ್ಲೇಸ್ ಸೆಟ್ಟಿಂಗಿನ (ಯಂತ್ರದ ಗಾತ್ರ ಹೇಳುವ ಅಳತೆ ಇದು), ನೆಲದ ಮೇಲೆ ನಿಲ್ಲುವ ಡಿಶ್‌ವಾಷರುಗಳನ್ನು ಎರಡು ಪ್ರಶ್ನೆಯಿಂದ ನೋಡಲಾಗಿದೆ. ನಮ್ಮ ಅನ್ನ-ಸಾರು-ಮುದ್ದೆಯ ಪಾತ್ರೆಗಳನ್ನು ಇದು ನಿಜಕ್ಕೂ ತೊಳೆಯುತ್ತದೆಯೇ? ತೊಳೆದರೆ, ಮುಸುರೆ ಕೆಲಸ ಮನೆಯ ಹೆಂಗಸಿನ ಕೈಯಿಂದ ಅರ್ಧವಾದರೂ ಗಂಡಸಿನ ಕೈಗೆ ಬರುತ್ತದೆಯೇ? ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಹೌದು. ಎರಡನೆಯದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಅದನ್ನು ಮನೆಗೆ ತರುವಾಗ ನೀವು ಮಾಡಿಕೊಳ್ಳುವ ಏರ್ಪಾಡಿನಲ್ಲಿದೆ.

ಏಕೆ ಈ ಪ್ರಶ್ನೆ ಎಂದು ಕೇಳುವವರಿಗೆ ಒಂದು ಲೆಕ್ಕ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ನಡೆದಾಗ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಐದು ವರ್ಷದಲ್ಲಿ ಹೆಂಗಸರ ಕೆಲಸ 10 ನಿಮಿಷ ಇಳಿಯಿತು, ಗಂಡಸರದು 9 ನಿಮಿಷ ಇಳಿಯಿತು. ಅಂತರ 202 ಇದ್ದದ್ದು 201 ಆಯಿತು! ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್ ಎಲ್ಲವೂ ಮನೆಗೆ ಬಂದಾಗಿದೆ. ಒರಳುಕಲ್ಲು ಹೋಗಿ ಗ್ರೈಂಡರ್ ಬಂದಾಗ ಗಂಡಸರು ರುಬ್ಬಲು ಶುರುಮಾಡಲಿಲ್ಲ. ಹಬ್ಬಕ್ಕೋ ಭಾನುವಾರಕ್ಕೋ ಆಗುತ್ತಿದ್ದ ದೋಸೆ ವಾರಕ್ಕೆ ಮೂರು ದಿನ ಆಯಿತು, ಅಷ್ಟೆ. ಬಟ್ಟೆ ಯಂತ್ರದಲ್ಲಿ ಸ್ವಿಚ್ ಹಾಕುವವರು ಸಿಕ್ಕರು, ಹರವಿ ಮಡಿಸುವವರು ಬದಲಾಗಲಿಲ್ಲ. ಡಿಶ್‌ವಾಷರ್ ಕೂಡ ಇದೇ ದಾರಿ ಹಿಡಿಯಬಹುದು, ಹಿಡಿಯದಂತೆ ನೋಡಿಕೊಳ್ಳಲೂಬಹುದು.

ನಿಜಕ್ಕೂ ಬಳಕೆಗೆ ಬಂದ ಮೊದಲ ಡಿಶ್‌ವಾಷರ್ ಮಾಡಿದ್ದೇ ಒಬ್ಬ ಹೆಂಗಸು. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫಿನ್ ಕಾಕ್ರನ್. ಗಂಡ ಸಾಲ ಬಿಟ್ಟು ತೀರಿಕೊಂಡ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಯಂತ್ರ ಕಟ್ಟಿಸಿ 1886ರಲ್ಲಿ ಪೇಟೆಂಟ್ ಪಡೆದರು, 1893ರ ಷಿಕಾಗೋ ವಿಶ್ವ ಮೇಳದಲ್ಲಿ ತೋರಿಸಿದರು. ಕೊಂಡವರು ಯಾರು? ಹೋಟೆಲುಗಳು. ಅಲ್ಲಿನ ಮನೆಗಳಿಗೇ ಅದು ಹೊಕ್ಕಿದ್ದು 1950ರ ದಶಕದಲ್ಲಿ. ಹೋಟೆಲಿನವನಿಗೆ ಕೂಲಿ ಉಳಿಯುತ್ತಿತ್ತು, ದುಡ್ಡು ಎಣಿಸಿ ತೋರಿಸಬಹುದಿತ್ತು. ಮನೆಯಲ್ಲಿ ತಿಕ್ಕುವ ಕೈಗೆ ಕೂಲಿಯೇ ಇಲ್ಲದಿದ್ದರೆ ಉಳಿಯುವುದೇನು? ನಮ್ಮಲ್ಲೂ ನೋಡಿ, ಉಡುಪಿ ಹೋಟೆಲುಗಳಲ್ಲಿ, ದರ್ಶಿನಿಗಳಲ್ಲಿ ಎಂಜಲು ತಟ್ಟೆ ಎತ್ತುವ, ತೊಳೆಯುವ ಕ್ಲೀನರುಗಳು ಹೆಚ್ಚಾಗಿ ಗಂಡಸರೇ. ಮದುವೆಮನೆಯ ಕೊಪ್ಪರಿಗೆ ಉಜ್ಜುವವರೂ ಅವರೇ. ಗಂಡಸಿಗೆ ಮುಸುರೆ ತಿಕ್ಕಲು ಬರುವುದಿಲ್ಲ ಎಂಬ ಮಾತು ಕೂಲಿ ಸಿಗದ ಕಡೆ ಮಾತ್ರ ಕೇಳಿಬರುತ್ತದೆ. 2022ರ ಡಿಸೆಂಬರಿನಲ್ಲಿ "ಗಂಡಸರಿಗಾಗಿ" ಎಂದು ಕಪ್ಪು ಬಾಟಲಿಯ ವಿಮ್ ಬಂದದ್ದು ತಮಾಷೆಗಾಗಿ ಎಂದು ಕಂಪನಿಯೇ ಹೇಳಿಕೊಂಡಿತು. ಒಳಗಿದ್ದದ್ದು ಅದೇ ಸೋಪು.

ಜಾಗ, ನಲ್ಲಿ, ಪ್ಲಗ್

ಇವುಗಳ ಅಗಲ 60 ಸೆಂ.ಮೀ., ಆಳ 60 ಸೆಂ.ಮೀ., ಎತ್ತರ 84-85 ಸೆಂ.ಮೀ. ಮೇಲಿನ ಮುಚ್ಚಳ ಕಳಚಿದರೆ ಸುಮಾರು 82 ಸೆಂ.ಮೀ.ಗೆ ಇಳಿಯುತ್ತದೆ. ನಮ್ಮ ಗ್ರಾನೈಟ್ ಕಟ್ಟೆಗಳು ನೆಲದಿಂದ 32-34 ಇಂಚು ಇರುತ್ತವೆ, ಕಲ್ಲಿನ ದಪ್ಪ ಕಳೆದರೆ ಕೆಳಗೆ ಹಿಡಿಸುವುದು ಅನುಮಾನ. ಟೇಪು ಹಿಡಿದು ಅಳೆಯದೆ ಮುಂಗಡ ಕೊಡಬೇಡಿ. ಹೆಚ್ಚಿನ ಮನೆಗಳಲ್ಲಿ ಯಂತ್ರ ಕೊನೆಗೆ ಯುಟಿಲಿಟಿಯಲ್ಲಿ, ಬಟ್ಟೆ ಯಂತ್ರದ ಪಕ್ಕ ಕೂರುತ್ತದೆ. ಇದು ಚಿಕ್ಕ ವಿಷಯವಲ್ಲ. ಊಟದ ಕೋಣೆಯಿಂದ ಯಂತ್ರಕ್ಕೆ ನಾಲ್ಕು ಹೆಜ್ಜೆಯಿದ್ದರೆ ಉಂಡವರು ತಮ್ಮ ತಟ್ಟೆ ತಾವೇ ಇಡುತ್ತಾರೆ. ಬಾಗಿಲು ದಾಟಿ, ಚಪ್ಪಲಿ ಹಾಕಿಕೊಂಡು ಹೋಗಬೇಕಾದರೆ ತಟ್ಟೆಗಳು ಸಿಂಕಿನಲ್ಲೇ ಗುಡ್ಡೆಯಾಗುತ್ತವೆ. ಆಮೇಲೆ ಸಿಂಕಿನಿಂದ ಯಂತ್ರಕ್ಕೆ ಸಾಗಿಸುವವರು ಯಾರೆಂದು ಹೇಳಬೇಕಾಗಿಲ್ಲ.

ಪ್ಲಗ್ 16 ಆ್ಯಂಪಿಯರಿನದು. ನೀರು ಕಾಯಿಸುವ ಹೀಟರು ಸುಮಾರು 2000ದಿಂದ 2400 ವಾಟ್ ಎಳೆಯುತ್ತದೆ. ಗೀಸರ್ ಜೊತೆ ಒಂದೇ ಲೈನಿನಲ್ಲಿದ್ದರೆ ಎಂಸಿಬಿ ಬೀಳುತ್ತದೆ. ಬೆಳಿಗ್ಗೆ ಸ್ನಾನದ ಹೊತ್ತಿಗೆ ಓಡಿಸಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ನೀರಿನ ಒತ್ತಡ ಹೆಚ್ಚಿನ ಮಾದರಿಗಳಿಗೆ ಕನಿಷ್ಠ 0.5 ಬಾರ್ ಬೇಕು, ಅಂದರೆ ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟ ಸುಮಾರು 5 ಮೀಟರ್ ಮೇಲಿರಬೇಕು. ಕೊನೆಯ ಮಹಡಿಯ ಮನೆಗೆ, ಟ್ಯಾಂಕು ನೆತ್ತಿಯ ಮೇಲೇ ಇದ್ದರೆ, ಸಿಗುವುದು ಮೂರು ಮೂರೂವರೆ ಮೀಟರ್ ಎತ್ತರ ಮಾತ್ರ. ನೀರು ತುಂಬಲು ಕಾದು ಕಾದು ಯಂತ್ರ ದೋಷ ತೋರಿಸಿ ನಿಲ್ಲುತ್ತದೆ. ಅಲ್ಲಿ ಸಣ್ಣ ಪ್ರೆಷರ್ ಪಂಪ್ ಹಾಕಿಸುವುದು ಅನಿವಾರ್ಯ. ಹೊರಹೋಗುವ ಪೈಪನ್ನು ನೆಲದ ಮೋರಿಗೆ ಸುಮ್ಮನೆ ಬಿಡುವ ಅಭ್ಯಾಸ ಪ್ಲಂಬರುಗಳಿಗೆ ಉಂಟು. ಅದು ಕನಿಷ್ಠ 40 ಸೆಂ.ಮೀ. ಎತ್ತರಕ್ಕೆ ಏರಿ ಇಳಿಯಬೇಕು. ಇಲ್ಲದಿದ್ದರೆ ತುಂಬಿದ ನೀರು ತಾನಾಗಿಯೇ ಹರಿದು ಹೋಗುತ್ತಿರುತ್ತದೆ, ಪಾತ್ರೆ ಒದ್ದೆಯಾಗುವುದೇ ಹೊರತು ತೊಳೆಯುವುದಿಲ್ಲ.

ಉಪ್ಪಿನ ಋಣ

ಕರ್ನಾಟಕದಲ್ಲಿ ಡಿಶ್‌ವಾಷರ್ ಕೆಡುವುದಕ್ಕೆ ದೊಡ್ಡ ಕಾರಣ ಬೋರ್‌ವೆಲ್ ನೀರು. ಯಂತ್ರದೊಳಗೆ ನೀರನ್ನು ಮೆದುಗೊಳಿಸುವ ರಾಳದ ಮಣಿಗಳಿರುತ್ತವೆ, ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುತ್ತವೆ. ಹಿಡಿದದ್ದನ್ನು ತೊಳೆದು ಹೊರಹಾಕಲು ಉಪ್ಪುನೀರು ಬೇಕು. ಡಿಶ್‌ವಾಷರ್ ಉಪ್ಪು ಇರುವುದು ಇದಕ್ಕೆ, ಪಾತ್ರೆಗೆ ಅದು ತಾಗುವುದೇ ಇಲ್ಲ. ಅಡುಗೆ ಉಪ್ಪು ಹಾಕಬಾರದು, ಅದರಲ್ಲಿ ಗಂಟು ಕಟ್ಟದಂತೆ ಬೆರೆಸಿದ ಪದಾರ್ಥ ಇರುತ್ತದೆ, ಹರಳೂ ಸಣ್ಣ, ಮಣಿಗಳ ನಡುವೆ ಕಟ್ಟಿಕೊಳ್ಳುತ್ತದೆ. ಮೊದಲ ಸಲ ಮಾತ್ರ ಉಪ್ಪಿನ ತೊಟ್ಟಿಗೆ ಸುಮಾರು ಒಂದು ಲೀಟರ್ ನೀರು ಹೊಯ್ದು ಆಮೇಲೆ ಉಪ್ಪು ತುಂಬಬೇಕು. ಒಂದರಿಂದ ಒಂದೂವರೆ ಕಿಲೋ ಹಿಡಿಯುತ್ತದೆ. ತುಂಬಿದ ಕೂಡಲೇ ಒಂದು ಪ್ರೋಗ್ರಾಂ ಓಡಿಸಿ. ಚೆಲ್ಲಿದ ಉಪ್ಪುನೀರು ರಾತ್ರಿಯಿಡೀ ತಳದಲ್ಲಿ ನಿಂತರೆ ಸ್ಟೀಲಿಗೂ ತುಕ್ಕಿನ ಚುಕ್ಕೆ ಬೀಳುತ್ತದೆ.

ಉಪ್ಪು ತುಂಬಿದರೆ ಸಾಲದು, ನೀರಿನ ಗಡಸನ್ನು ಯಂತ್ರಕ್ಕೆ ಹೇಳಬೇಕು. ಇಲ್ಲಿ ಬಹುತೇಕ ಮನೆಗಳು ತಪ್ಪುತ್ತವೆ. ಕಾರ್ಖಾನೆಯಿಂದ ಅದು ಮಧ್ಯದ ಮಟ್ಟದಲ್ಲಿ ಬಂದಿರುತ್ತದೆ, ಹಾಗೇ ಬಿಟ್ಟುಬಿಡುತ್ತಾರೆ. ಕೈಪಿಡಿಯಲ್ಲಿ ಗಡಸನ್ನು ಜರ್ಮನ್ ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ, ನಮ್ಮ ಪ್ರಯೋಗಾಲಯಗಳು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತವೆ. 17.8ರಿಂದ ಭಾಗಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಒಪ್ಪುವ ಗಡಸು 200 ಮಿ.ಗ್ರಾಂ., ಅಂದರೆ ಸುಮಾರು 11 ಡಿಗ್ರಿ. ಬೇರೆ ನೀರಿಲ್ಲದಿದ್ದರೆ 600 ಮಿ.ಗ್ರಾಂ.ವರೆಗೆ ಬಿಡುತ್ತಾರೆ, ಅಂದರೆ ಸುಮಾರು 34 ಡಿಗ್ರಿ. ಅಷ್ಟು ಗಡಸಿಗೆ ಯಂತ್ರದ ಗರಿಷ್ಠ ಅಥವಾ ಅದರ ಹತ್ತಿರದ ಮಟ್ಟ ಇಡಬೇಕು, ಉಪ್ಪೂ ಬೇಗ ಮುಗಿಯುತ್ತದೆ. ಕಾವೇರಿ ನೀರು ಇದಕ್ಕಿಂತ ಎಷ್ಟೋ ಮೆದು. ಒಂದು ದಿನ ಕಾವೇರಿ, ಒಂದು ದಿನ ಟ್ಯಾಂಕರ್ ಬರುವ ಅಪಾರ್ಟ್‌ಮೆಂಟಿನವರು ಟ್ಯಾಂಕರ್ ನೀರಿಗೇ ಹೊಂದಿಸಿಡಿ. ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ತೋರಿಸುವ ಅಂಕಿ ಗಡಸಿನದಲ್ಲ, ಅದನ್ನು ನಂಬಬೇಡಿ. ಗಡಸು ನೋಡುವ ಕಾಗದದ ಪಟ್ಟಿಗಳು ಬೇರೆಯೇ ಸಿಗುತ್ತವೆ. ಪುಡಿಯ ಬದಲು ಹಾಕುವ, "ಎಲ್ಲ ಒಂದರಲ್ಲೇ" ಎನ್ನುವ ಸಾಬೂನು ಮಾತ್ರೆಗಳೊಳಗಿನ ಉಪ್ಪು ಇಂಥ ನೀರಿಗೆ ಸಾಲುವುದಿಲ್ಲ.

ಗಾಜಿನ ಲೋಟದ ಮೇಲೆ ಬಿಳಿ ಪೊರೆ ಕಂಡರೆ ಮೊದಲು ವಿನೆಗರ್ ಒರೆಸಿ ನೋಡಿ. ಹೋದರೆ ಅದು ಸುಣ್ಣ, ಗಡಸಿನ ಮಟ್ಟ ಏರಿಸಿ. ಹೋಗದಿದ್ದರೆ ಗಾಜೇ ಸವೆದಿದೆ, ಮೆದು ನೀರಿಗೆ ಪುಡಿ ಹೆಚ್ಚಾಗಿದೆ. ಆ ಲೋಟಕ್ಕೆ ಇನ್ನು ಔಷಧವಿಲ್ಲ.

ಈ ಉಪ್ಪಿನ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು ಕುತೂಹಲದ ಸಂಗತಿ. ಪಾತ್ರೆ ತಿಕ್ಕಲು ಬಾರದ ಗಂಡಸರು ಗಡಸಿನ ಪಟ್ಟಿ ತರಿಸಿ, ಡಿಗ್ರಿ ಲೆಕ್ಕ ಹಾಕಿ, ಮೆನುವಿನೊಳಗೆ ಹೊಕ್ಕು ಮಟ್ಟ ಬದಲಾಯಿಸುವುದರಲ್ಲಿ ಉತ್ಸಾಹ ತೋರಿಸುತ್ತಾರೆ. ಕೈಪಿಡಿ ಇರುವ ಕೆಲಸ ಅವರಿಗೆ ಕೆಲಸದಂತೆ ಕಾಣುತ್ತದೆ, ಕೈಪಿಡಿ ಇಲ್ಲದ್ದು ಹೆಂಗಸರ ಸ್ವಭಾವದಂತೆ ಕಾಣುತ್ತದೆ. ನಗಬೇಡಿ, ಇದನ್ನೇ ಹಿಡಿಕೆ ಮಾಡಿಕೊಳ್ಳಿ. ಆದರೆ ಉಪ್ಪು ತುಂಬುವುದು ತಿಂಗಳಿಗೊಮ್ಮೆಯ ಕೆಲಸ. ಅದನ್ನು ಮಾಡಿ "ಡಿಶ್‌ವಾಷರ್ ನಾನೇ ನೋಡಿಕೊಳ್ಳೋದು" ಎಂದರೆ ಲೆಕ್ಕಕ್ಕೆ ಸೇರಿಸಬೇಡಿ.

ಯಾವುದು ಒಳಗೆ, ಯಾವುದು ಹೊರಗೆ

ಪ್ಲೇಸ್ ಸೆಟ್ಟಿಂಗ್ ಎಂಬುದು ಯೂರೋಪಿನ ಊಟದ ಮೇಜಿನ ಅಳತೆ. ಒಬ್ಬರಿಗೆ ಒಂದು ಚಪ್ಪಟೆ ತಟ್ಟೆ, ಸೂಪಿನ ತಟ್ಟೆ, ಸಿಹಿಯ ತಟ್ಟೆ, ಕಪ್ಪು, ಬಸಿ, ಲೋಟ, ಚಮಚಗಳು. ಹದಿಮೂರು ಸೆಟ್ಟಿಂಗ್ ಎಂದರೆ ಹದಿಮೂರು ಜನರ ಪಾತ್ರೆ ಹಿಡಿಯುತ್ತದೆ ಎಂದು ತಿಳಿಯಬೇಡಿ. ಅಂಚು ಎತ್ತಿದ ನಮ್ಮ ಸ್ಟೀಲ್ ತಟ್ಟೆಗೆ ಎರಡು ಸಂದು ಬೇಕು. ಒಂದು ಬಾಣಲೆ ನಾಲ್ಕು ತಟ್ಟೆಯ ಜಾಗ ತಿನ್ನುತ್ತದೆ. ನಾಲ್ಕು ಜನರ ಮನೆಯ ರಾತ್ರಿ ಊಟದ ತಟ್ಟೆ, ಲೋಟ, ಬಟ್ಟಲು, ಬಾಣಲೆ, ಕುಕ್ಕರ್, ಸಾರಿನ ಪಾತ್ರೆ, ಜೊತೆಗೆ ಮಧ್ಯಾಹ್ನದ ಡಬ್ಬಿಗಳು ಸೇರಿದರೆ ಯಂತ್ರ ತುಂಬಿತು. 8 ಸೆಟ್ಟಿಂಗಿನ ಕಟ್ಟೆಯ ಮೇಲಿಡುವ ಮಾದರಿ ಇಬ್ಬರಿಗೆ ಮಾತ್ರ ಸರಿ.

ಸ್ಟೀಲ್, ಗಾಜು, ಪಿಂಗಾಣಿ ನಿರ್ಭಯವಾಗಿ ಹೋಗಬಹುದು. ಅಲ್ಯುಮಿನಿಯಂ ಹೋಗಬಾರದು, ಪುಡಿಯಲ್ಲಿನ ಕ್ಷಾರಕ್ಕೆ ಕಪ್ಪಾಗಿ, ಮುಟ್ಟಿದರೆ ಕೈಗೆ ಮಸಿ ಹತ್ತುತ್ತದೆ. ಹಳೆಯ ಅಲ್ಯುಮಿನಿಯಂ ಕುಕ್ಕರ್ ಅಭಿಮಾನಿಗಳಿಗೆ ಇದು ದೊಡ್ಡ ಪೆಟ್ಟು. ಹಾರ್ಡ್ ಅನೊಡೈಸ್ಡ್ ಪಾತ್ರೆಯ ಲೇಪವೂ ಬಿಳಿಚಿಕೊಳ್ಳುತ್ತದೆ. ಕಬ್ಬಿಣದ ದೋಸೆ ಹಂಚು ಒಂದೇ ಸಲಕ್ಕೆ ವರ್ಷಗಟ್ಟಲೆ ಕೂಡಿದ ಎಣ್ಣೆಪದರ ಕಳೆದುಕೊಂಡು ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರ, ಕಂಚು, ಬೆಳ್ಳಿ ಬೇಡ. ಕಲ್ಲುಚಟ್ಟಿ ಮತ್ತು ಮಡಕೆ ಬೇಡ, ಸಾಬೂನು ಹೀರಿಕೊಂಡು ಮುಂದಿನ ಗೊಜ್ಜಿಗೆ ಬಿಡುತ್ತವೆ. ಮರದ ಸೌಟು, ಮುದ್ದೆಕೋಲು ಬಿರಿಯುತ್ತವೆ. ಚಾಕುವಿನ ಹರಿತ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಅರಿಸಿನದ ಬಣ್ಣ ಹತ್ತಿದರೆ ಅದು ಪಕ್ಕದ ಬಿಳಿ ಡಬ್ಬಿಗೂ ದಾಟುತ್ತದೆ. ಸ್ಟೀಲ್ ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ತೆಗೆದು ಹಾಕಿ, ಊಟದ ಡಬ್ಬಿಯ ರಬ್ಬರನ್ನೂ ಬಿಡಿಸಿ. ಕಾಫಿ ಫಿಲ್ಟರ್ ಸ್ಟೀಲಿನದಾದರೆ ಗಸಿ ಪೂರ್ತಿ ಕುಟ್ಟಿ ತೆಗೆದು ಹಾಕಬಹುದು, ಹಿತ್ತಾಳೆಯದಾದರೆ ಇಲ್ಲ.

ಈ ಪಟ್ಟಿಯ ಒಳಗುಟ್ಟು ಏನೆಂದರೆ, ಹೊರಗುಳಿದ ಪಾತ್ರೆಗಳೇ ತಿಕ್ಕಲು ಕಷ್ಟವಾದವು. ಹಂಚು, ಅಲ್ಯುಮಿನಿಯಂ ಕುಕ್ಕರ್, ಕಲ್ಲುಚಟ್ಟಿ, ದೊಡ್ಡ ಮುದ್ದೆ ಪಾತ್ರೆ. "ಡಿಶ್‌ವಾಷರ್ ನನ್ನ ಪಾಲು, ಉಳಿದ ನಾಲ್ಕು ಪಾತ್ರೆ ನಿನ್ನ ಪಾಲು" ಎಂದು ಹಂಚಿಕೊಂಡರೆ ತೂಕ ಎತ್ತ ಬಿದ್ದಿತು ನೋಡಿ. ಆ ನಾಲ್ಕಕ್ಕೆ ಇಪ್ಪತ್ತು ನಿಮಿಷ ಬೇಕು, ಯಂತ್ರ ತುಂಬಲು ಹನ್ನೆರಡು. ಯಂತ್ರ ತುಂಬುವವರೇ ಅವನ್ನೂ ತಿಕ್ಕಿ ಮುಗಿಸುವುದು ನ್ಯಾಯ. ಅಥವಾ ಯಂತ್ರದ ಜೊತೆಗೇ ಒಂದು ಸ್ಟೀಲ್ ಕುಕ್ಕರ್, ತಳ ದಪ್ಪದ ಒಂದು ಸ್ಟೀಲ್ ಬಾಣಲೆ ಕೊಂಡು ಹೊರಗುಳಿಯುವುದನ್ನೇ ಕಮ್ಮಿ ಮಾಡಿ. ಆ ಖರ್ಚನ್ನು ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಮುಸುರೆ, ಎಂಜಲು ಎಂದು ಬೇರೆ ಇಡುವ ಮನೆಗಳಲ್ಲಿ ಅತ್ತೆಯವರಿಂದ ಒಂದು ಆಕ್ಷೇಪ ಖಂಡಿತ ಬರುತ್ತದೆ: ಉಂಡ ತಟ್ಟೆಯನ್ನೂ ಅನ್ನ ಮಾಡಿದ ಪಾತ್ರೆಯನ್ನೂ ಒಂದೇ ಪೆಟ್ಟಿಗೆಗೆ ಹಾಕುವುದೇ? ವಾದಕ್ಕಿಳಿದು ಫಲವಿಲ್ಲ. ತಟ್ಟೆ-ಲೋಟಗಳಿಗೆ ರಾತ್ರಿ ಒಂದು ಸುತ್ತು, ಅಡುಗೆ ಪಾತ್ರೆಗಳಿಗೆ ಬೇರೆ ಸುತ್ತು ಮಾಡುವ ಮನೆಗಳುಂಟು. ನೀರು ಸುತ್ತಿಗೆ 10-12 ಲೀಟರ್, ಎರಡಾದರೂ ನಲ್ಲಿ ಬಿಟ್ಟು ತೊಳೆಯುವುದಕ್ಕಿಂತ ಕಡಿಮೆಯೇ. ದೇವರ ಪಾತ್ರೆ ಹೇಗೂ ಹಿತ್ತಾಳೆ, ಬೆಳ್ಳಿ. ಹುಣಸೆಹಣ್ಣಿಗೇ ಬಿಡಿ.

ಜೋಡಿಸುವ ಕ್ರಮ

ಮೊದಲು ಬಳಿಯಬೇಕು, ಆದರೆ ತೊಳೆಯಬಾರದು. ಕರಿಬೇವಿನ ಎಲೆ, ಸಾಸಿವೆ, ಅನ್ನದ ಅಗುಳು, ನುಗ್ಗೆಕಾಯಿ ನಾರು, ತೆಂಗಿನ ತುರಿ ಕಸದ ಬುಟ್ಟಿಗೆ. ಸಾಸಿವೆ ಕಾಳು ನೀರು ಚಿಮ್ಮುವ ರೆಕ್ಕೆಯ ತೂತಿಗೆ ಹೇಳಿ ಮಾಡಿಸಿದ ಬಿರಡೆ. ರೆಕ್ಕೆ ತಿರುಗುತ್ತಿದ್ದರೂ ಒಂದು ಮೂಲೆಯ ಪಾತ್ರೆ ಮಾತ್ರ ಕೊಳೆಯಾಗಿ ಬರುತ್ತಿದ್ದರೆ ರೆಕ್ಕೆ ಕಳಚಿ ಅಲ್ಲಾಡಿಸಿ, ಒಳಗೆ ಗಿಲಕಿಯ ಸದ್ದು ಬಂದರೆ ಅದೇ. ಅತ್ತ ಪೂರ್ತಿ ತೊಳೆದೇ ಹಾಕುವ ಅಭ್ಯಾಸವೂ ತಪ್ಪು. ಆಟೋ ಪ್ರೋಗ್ರಾಂ ನೀರಿನ ಕದಡು ನೋಡಿ ಹೊತ್ತು ಮತ್ತು ಶಾಖ ನಿರ್ಧರಿಸುತ್ತದೆ. ತೊಳೆದ ಪಾತ್ರೆ ಹಾಕಿದರೆ ಬೇಗ ಮುಗಿಸಿಬಿಡುತ್ತದೆ, ಉಳಿದ ಜಿಡ್ಡು ಹಾಗೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ಸಲ ತೊಳೆದಂತಾಯಿತು, ಮತ್ತೆ ಯಂತ್ರ ಏಕೆ? ಅಪವಾದ ಮುದ್ದೆ ಪಾತ್ರೆ, ಹಾಲು ಹತ್ತಿದ ತಳ, ಒಣಗಿದ ದೋಸೆ ಹಿಟ್ಟು. ಇವನ್ನು ಅರ್ಧ ಗಂಟೆ ನೆನೆಹಾಕಲೇಬೇಕು. ಸೀದ ಹಾಲು ಯಾವ ಪ್ರೋಗ್ರಾಮಿಗೂ ಬಗ್ಗುವುದಿಲ್ಲ, ನಾರೇ ಗತಿ.

ಬಾಣಲೆ, ಕುಕ್ಕರ್, ತಟ್ಟೆ ಕೆಳಗೆ. ಲೋಟ, ಬಟ್ಟಲು, ಡಬ್ಬಿ ಮೇಲೆ. ಎಲ್ಲದರ ಬಾಯಿ ಕೆಳಕ್ಕೆ, ಕೊಳೆ ಮುಖ ನಡುವಿನತ್ತ. ಬಟ್ಟಲೊಳಗೆ ಬಟ್ಟಲು ಕೂರಿಸಬೇಡಿ. ಚಮಚಗಳನ್ನು ಒಂದು ಮೇಲ್ಮುಖ, ಒಂದು ಕೆಳಮುಖ ಇಡಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ನಡುವೆ ಸಾರು ಹಾಗೇ ಇರುತ್ತದೆ. ಉದ್ದ ಸೌಟು ಮೇಲಿನ ರ‍್ಯಾಕಿನಲ್ಲಿ ಮಲಗಿರಲಿ. ಬಾಗಿಲು ಹಾಕುವ ಮುನ್ನ ಎರಡೂ ರೆಕ್ಕೆಗಳನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಕುಕ್ಕರಿನ ಹಿಡಿ ತಗುಲಿದರೆ ರೆಕ್ಕೆ ನಿಂತಿತು, ಮೂರು ಗಂಟೆ ವ್ಯರ್ಥ. ಪುಡಿಯ ಡಬ್ಬಿಯ ಮುಚ್ಚಳ ತೆರೆಯಲು ಜಾಗವಿರಬೇಕು, ಅದರ ಮುಂದೆ ದೊಡ್ಡ ತಟ್ಟೆ ನಿಲ್ಲಿಸಿದರೆ ಮಾತ್ರೆ ಅಲ್ಲೇ ಅರೆಕರಗಿ ಕೂತಿರುತ್ತದೆ.

ಇಕೋ ಪ್ರೋಗ್ರಾಂ 50 ಡಿಗ್ರಿ ಆಸುಪಾಸಿನಲ್ಲಿ ಮೂರರಿಂದ ನಾಲ್ಕು ಗಂಟೆ ಓಡುತ್ತದೆ, ಸುಮಾರು ಒಂದು ಯೂನಿಟ್ ವಿದ್ಯುತ್ತು. ದಿನದ ಪಾತ್ರೆಗೆ ಅದೇ ಸಾಕು. ಪುಡಿಯಲ್ಲಿನ ಕಿಣ್ವಗಳು ಗಂಜಿ, ಬೇಳೆ ಕರಗಿಸಲು ಆ ಶಾಖ ಮತ್ತು ಹೊತ್ತು ಎರಡೂ ಬೇಕು. 70 ಡಿಗ್ರಿಯ ತೀವ್ರ ಪ್ರೋಗ್ರಾಂ, ಕೆಲವರು ಕಡಾಯಿ ಎಂದು ಹೆಸರಿಟ್ಟಿರುವುದು, ಕರಿದ ಎಣ್ಣೆ, ತುಪ್ಪದ ಜಿಡ್ಡಿಗೆ. ಅರ್ಧ ಗಂಟೆಯ ಪ್ರೋಗ್ರಾಮಿಗೆ ಮಾತ್ರೆ ಕರಗುವುದಿಲ್ಲ, ಪುಡಿಯೇ ಹಾಕಿ. ಮುಗಿದ ಕೂಡಲೇ ಬಾಗಿಲು ನಾಲ್ಕು ಬೆರಳು ತೆರೆದಿಟ್ಟರೆ ಸ್ಟೀಲ್ ತಾನಾಗಿ ಒಣಗುತ್ತದೆ. ಪ್ಲಾಸ್ಟಿಕ್ ಒರೆಸಿಯೇ ಆಗಬೇಕು.

ಗೃಹಜ್ಯೋತಿ ಫಲಾನುಭವಿಗಳು ಇಲ್ಲಿ ನಿಂತು ಲೆಕ್ಕ ಹಾಕಿ. ದಿನಕ್ಕೊಂದು ಯೂನಿಟ್ ಎಂದರೆ ತಿಂಗಳಿಗೆ 30. ಉಚಿತ ಸಿಗುವುದು ಸಾಮಾನ್ಯವಾಗಿ 2022-23ರ ನಿಮ್ಮ ಸರಾಸರಿಯ ಮೇಲೆ ಶೇ. 10ರಷ್ಟು, ಯಂತ್ರ ಬಂದ ಮೇಲಿನ ಹೆಚ್ಚಳಕ್ಕೆ ಬಿಲ್ ಬರುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 180ರ ಆಸುಪಾಸಿನಲ್ಲಿರುವ ಮನೆಗೆ ಇದು ಪುಡಿಯ ಖರ್ಚಿಗಿಂತ ದೊಡ್ಡದು.

ಎರಡು ಮಾತು ತೆಗೆಯುವ ಬಗ್ಗೆ

ಮನೆಮನೆಯ ಜಗಳ ಇರುವುದು ಇಲ್ಲೇ. ರಾತ್ರಿ ತುಂಬಿ ಬಟನ್ ಒತ್ತಿದವರಿಗೆ ಕೆಲಸ ಮುಗಿಸಿದ ಭಾವನೆ. ಬೆಳಿಗ್ಗೆ ಆರಕ್ಕೆ ಡಿಕಾಕ್ಷನ್ ಇಳಿಸಲು ಎದ್ದವರಿಗೆ ಹಾಲಿನ ಪಾತ್ರೆ ಯಂತ್ರದೊಳಗಿದೆ. ಹಾಗಾಗಿ ತೆಗೆಯುವ ಕೆಲಸ ಯಾವ ಮಾತುಕತೆಯೂ ಇಲ್ಲದೆ ಅಡುಗೆಯವರ ಮೇಲೆ ಬೀಳುತ್ತದೆ. ತೆಗೆಯಲು ಎಂಟು ಹತ್ತು ನಿಮಿಷ, ಮೊದಲು ಕೆಳಗಿನ ರ‍್ಯಾಕು, ಆಮೇಲೆ ಮೇಲಿನದು. ತಿರುವು ಮುರುವು ಮಾಡಿದರೆ ಲೋಟದ ತಳದಲ್ಲಿ ನಿಂತ ನೀರು ಕೆಳಗಿನ ಒಣ ತಟ್ಟೆಗೆ ಸುರಿಯುತ್ತದೆ. ಪಾತ್ರೆ ಎಲ್ಲಿ ಸೇರಬೇಕು ಎಂದು ಗೊತ್ತಿಲ್ಲದವರು ಎಲ್ಲವನ್ನೂ ಕಟ್ಟೆಯ ಮೇಲೆ ಗುಡ್ಡೆ ಹಾಕಿ "ತೆಗೆದಿದ್ದೀನಿ" ಎನ್ನುತ್ತಾರೆ. ಒಗ್ಗರಣೆ ಸೌಟು ಯಾವ ಡ್ರಾಯರಿನಲ್ಲಿರುತ್ತದೆ ಎಂದು ಮನೆಯ ಗಂಡಸು ಕೇಳದೆ ಹೇಳಬಲ್ಲನೇ? ಪಾಳಿ ನಿಜವಾಗಿ ಬದಲಾಗಿದೆಯೋ ಇಲ್ಲವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಕೆಲಸ ಹಂಚುವಾಗ "ನೀನು ತುಂಬು, ನಾನು ತೆಗೆಯುತ್ತೇನೆ" ಎಂದು ಸೀಳಬೇಡಿ. ಪ್ರತಿ ಸೀಳಿನಲ್ಲೂ ಒಬ್ಬರು ಇನ್ನೊಬ್ಬರಿಗೆ ಜ್ಞಾಪಿಸಬೇಕಾಗುತ್ತದೆ, ಜ್ಞಾಪಿಸುವುದೂ ಕೆಲಸವೇ. ದಿನ ಹಂಚಿ. ಸೋಮವಾರ, ಬುಧವಾರ, ಶುಕ್ರವಾರ ಒಬ್ಬರದ್ದಾದರೆ ಆ ದಿನದ ಬಳಿಯುವುದು, ಹೊರಗುಳಿದದ್ದು ತಿಕ್ಕುವುದು, ಓಡಿಸುವುದು, ಮರುದಿನ ಕಾಫಿಗೆ ಮೊದಲು ತೆಗೆಯುವುದು ಎಲ್ಲವೂ ಅವರದ್ದೇ. ತಪ್ಪಾಗಿ ಜೋಡಿಸಿದ್ದನ್ನು ಇನ್ನೊಬ್ಬರು ಬಂದು ಸರಿಮಾಡಬಾರದು. ಕೊಳೆಯಾಗಿ ಬಂದ ಬಾಣಲೆಯನ್ನು ಹಾಕಿದವರೇ ತಿಕ್ಕಲಿ, ಮೂರನೇ ಸಲಕ್ಕೆ ಜೋಡಣೆ ತಾನಾಗಿ ಸರಿಯಾಗುತ್ತದೆ. ಹತ್ತು ವರ್ಷದ ಮಗನಿಗೂ ಮಗಳಿಗೂ ಲೋಟ, ಚಮಚ ತೆಗೆಯುವ ಪಾಳಿ ಕೊಡಬಹುದು, ಒಳಗೆ ಆರಿರಬೇಕು, ಚಾಕು ಇರಬಾರದು ಅಷ್ಟೆ.

ಜಾಲರಿಯನ್ನು ವಾರಕ್ಕೊಮ್ಮೆ ತೆಗೆದು ನಲ್ಲಿಯಡಿ ತೊಳೆಯಿರಿ, ಮೂರು ನಿಮಿಷದ ಕೆಲಸ. ಗಬ್ಬು ವಾಸನೆ ಬಂದರೆ, ತಳದಲ್ಲಿ ನೀರು ನಿಂತರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ, ಮೆಕ್ಯಾನಿಕ್ ಕರೆಯುವ ಮುನ್ನ ನೋಡಿ. ಬಾಗಿಲಿನ ಕೆಳಗಿನ ರಬ್ಬರ್ ಅಂಚನ್ನೂ ಒರೆಸಿ, ಅಲ್ಲಿಗೆ ನೀರು ಚಿಮ್ಮುವುದಿಲ್ಲ, ಜಿಡ್ಡು ಕಟ್ಟುತ್ತದೆ.

ಕೊಳ್ಳಬೇಕೇ?

ಇಬ್ಬರೂ ಹೊರಗೆ ದುಡಿಯುವ, ನಾಲ್ಕು ಅಥವಾ ಹೆಚ್ಚು ಜನರ, ಸ್ಟೀಲ್ ಪಾತ್ರೆಯ ಮನೆಗೆ ಹೌದು. ಬೆಲೆ ಸುಮಾರು ಮೂವತ್ತರಿಂದ ಐವತ್ತು ಸಾವಿರ. ಮಾತ್ರೆಗೆ ದಿನಕ್ಕೆ ಹತ್ತು ಹದಿನೈದು ರೂಪಾಯಿ, ಪುಡಿ ಇನ್ನೂ ಅಗ್ಗ, ಅಳತೆಯೂ ನಮ್ಮ ಕೈಯಲ್ಲಿರುತ್ತದೆ. ದಿನವೂ ಹಂಚಿನ ರೊಟ್ಟಿ, ಮುದ್ದೆ, ಅಲ್ಯುಮಿನಿಯಂ ಡಬರಿಯಲ್ಲೇ ಅಡುಗೆ ನಡೆಯುವ ಮನೆಗೆ ಅರ್ಧ ಪಾತ್ರೆ ಸಿಂಕಿನಲ್ಲೇ ಉಳಿಯುತ್ತದೆ, ಬೇಡ. ಸೊಂಟನೋವಿರುವ ಹಿರಿಯರೇ ನಡೆಸಬೇಕಾದ ಮನೆಗೂ ಯೋಚಿಸಿ, ಕೆಳಗಿನ ರ‍್ಯಾಕಿಗೆ ಪ್ರತಿ ಸಲ ಬಗ್ಗಲೇಬೇಕು. ಪಾತ್ರೆಗೆಂದು ಬರುತ್ತಿರುವ ಹೆಂಗಸನ್ನು ಬಿಡಿಸಿ ಯಂತ್ರ ತರುವವರು ಒಂದು ತಿಳಿದಿರಲಿ: ಅವರು ಎಂಟೂ ಕೆಲಸ ಮಾಡುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಅವರು ಬರಲಾಗದೆ ಹೋದಾಗ ಎಷ್ಟೋ ಜನ ಯಂತ್ರಕ್ಕೆ ಮುಗಿಬಿದ್ದರು. ಮನೆಯಲ್ಲಿ ಕೆಲಸದ ಪಾಳಿ ಮಾಡಿಕೊಳ್ಳದೆ ಅವರನ್ನು ಬಿಡಿಸಿದರೆ, ಸಂಬಳ ಪಡೆಯುತ್ತಿದ್ದ ಹೆಂಗಸಿನಿಂದ ಸಂಬಳವಿಲ್ಲದ ಹೆಂಗಸಿಗೆ ಏಳು ಕೆಲಸ ವರ್ಗವಾಗುತ್ತವೆ. ಅದಕ್ಕಿಂತ ಅವರ ಸಂಬಳ ಏರಿಸುವುದು ಅಗ್ಗ.

ಕೊಂಡ ದಿನ ನೋಂದಣಿಗೆ ಮೊಬೈಲ್ ನಂಬರ್ ಕೇಳುತ್ತಾರೆ. ದುಡ್ಡು ಕೊಟ್ಟವರ ನಂಬರ್ ಬರೆಸುವುದು ರೂಢಿ, ಅದು ಸಾಮಾನ್ಯವಾಗಿ ಗಂಡನದು. ಆಮೇಲೆ ಮೆಕ್ಯಾನಿಕ್ ಬರುವ ದಿನ ರಜೆ ಹಾಕಿ ಮನೆಯಲ್ಲಿರುವುದು ಹೆಂಡತಿ, ಒಟಿಪಿ ಹೋಗುವುದು ಮೀಟಿಂಗಿನಲ್ಲಿರುವ ಗಂಡನಿಗೆ. ಕರೆಯೆತ್ತದಿದ್ದರೆ "ಗ್ರಾಹಕರು ಸಿಗಲಿಲ್ಲ" ಎಂದು ದೂರು ಮುಚ್ಚಿಬಿಡುತ್ತಾರೆ. ಇಬ್ಬರ ನಂಬರನ್ನೂ ಬರೆಸಿ. ಒಂದೇ ಹಿಡಿಸುತ್ತದೆ ಎಂದರೆ, ಗಂಡನದ್ದೇ ಇರಲಿ, ಆದರೆ ಮೆಕ್ಯಾನಿಕ್ ಬರುವ ದಿನದ ರಜೆಯೂ ಅವರದ್ದೇ.